ಒಂದು ಕಡೆ ಗುಂಯ್, ಇನ್ನೊಂದು ಕಡೆ ಏನೂ ಇಲ್ಲ: ಮನೆಯ ಸಬ್‌ವೂಫರ್ ದೋಷ ಹುಡುಕುವ ಬಗೆ

ಸೋಫಾದ ನಡುವೆ ಕೂತರೆ ಬಾಸ್, ಅಂದರೆ ಹಾಡಿನ ಆಳದ ಸದ್ದು, ನಾಪತ್ತೆ. ಎದ್ದು ನೀರು ಕುಡಿಯಲು ಅಡುಗೆಮನೆ ಬಾಗಿಲಿಗೆ ಹೋದರೆ ಎದೆಗೆ ಗುದ್ದುವಷ್ಟು ಬಾಸ್. ಒಳಗೆ ಸ್ಟ್ಯಾಂಡಿನಲ್ಲಿ ಬೋರಲು ಹಾಕಿದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಹೊಸ ಸಬ್‌ವೂಫರ್ (ಬಾಸ್ ನುಡಿಸಲೆಂದೇ ಇರುವ ಸ್ಪೀಕರ್ ಪೆಟ್ಟಿಗೆ) ತಂದ ಮೊದಲ ತಿಂಗಳು ನಮ್ಮ ಮನೆಯ ಸ್ಥಿತಿ ಇದು.

ಮೈಸೂರಿನ ಆ ಬಾಡಿಗೆ ಮನೆಯ ಹಾಲ್ 14 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ, ಕೆಳಗೆ ವಿಟ್ರಿಫೈಡ್ ಟೈಲ್ಸ್. 10 ಇಂಚಿನ ಸಬ್ ಅನ್ನು ಟಿವಿ ಯೂನಿಟ್‌ನ ಎಡಕ್ಕೆ, ಮೂಲೆಗೆ ಒತ್ತಿ ಇಟ್ಟಿದ್ದೆ. ಅಲ್ಲಿ ಜಾಗ ಖಾಲಿ ಇತ್ತು, ಅಷ್ಟೇ ಕಾರಣ. ಬಾಸ್ ಸಾಲುತ್ತಿಲ್ಲ ಅಂತ ಅದರ ಹಿಂದಿನ ಗೇನ್, ಅಂದರೆ ಬಾಸ್‌ನ ಜೋರು ಏರಿಸುವ ಗುಬುಟು, ತಿರುಗಿಸುತ್ತಾ ಹೋದೆ. ಸೋಫಾದಲ್ಲಿ ವ್ಯತ್ಯಾಸವೇ ಇಲ್ಲ, ಅಡುಗೆಮನೆಯಲ್ಲಿ ಮಾತ್ರ ಜಾಸ್ತಿಯಾಯಿತು. ಪೆಟ್ಟಿಗೆಯಲ್ಲೇ ದೋಷ ಅಂದುಕೊಂಡೆ.

ದೀಪಾವಳಿಗೆ ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿ ಮನೆಗೆ ಹೋಗುವಾಗ ಸಬ್ ಅನ್ನೂ ಕಾರಿನಲ್ಲಿ ಹಾಕಿಕೊಂಡು ಹೋದೆ. ಹೆಂಚಿನ ಮಾಡು, ಮರದ ಅಟ್ಟ, ಒಂದು ಬದಿ ಪೂರ್ತಿ ತೆರೆದ ಜಗಲಿ. ಅಲ್ಲಿ ಅದೇ ಹಾಡು ಹಾಕಿದೆ. ಬಾಸ್ ಸ್ವಲ್ಪ ತೆಳ್ಳಗೆ ಕೇಳಿಸಿತು, ಆದರೆ ಬಾಸ್ ಗಿಟಾರಿನ ಒಂದೊಂದು ಸ್ವರವೂ ಸಮನಾಗಿ, ಬಿಡಿಬಿಡಿಯಾಗಿ ಬಂತು. ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದೆ. ಎಲ್ಲೂ ಗುಂಯ್ ಅನ್ನಲಿಲ್ಲ, ಎಲ್ಲೂ ಮಾಯವಾಗಲಿಲ್ಲ. ಸಬ್ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಮೈಸೂರಿನ ಹಾಲಿನಲ್ಲಿ, ಮತ್ತು ಆ ಹಾಲಿನಲ್ಲಿ ನಾನು ಸಬ್ ಮತ್ತು ಸೋಫಾ ಇಟ್ಟ ರೀತಿಯಲ್ಲಿ.

ನಿಮ್ಮಲ್ಲೂ ಇಂಥದ್ದೇ ತೊಂದರೆ ಇದ್ದರೆ, ಸರ್ವಿಸ್‌ನವರಿಗೆ ಫೋನ್ ಮಾಡುವ ಮುಂಚೆ ಕೆಳಗಿನ ಕ್ರಮದಲ್ಲಿ ನೋಡುತ್ತಾ ಹೋಗಿ. ಕ್ರಮ ತಪ್ಪಿಸಬೇಡಿ. ಜಾಗ ಸರಿಯಾಗುವ ಮೊದಲು ಸೆಟ್ಟಿಂಗ್ ಮುಟ್ಟಿದರೆ ಎರಡು ಸಲ ಕೆಲಸ.

ಮೊದಲು ದೋಷ ಯಾವ ಜಾತಿಯದು ಅಂತ ತಿಳಿಯಿರಿ

ಒಂದೇ ಲಯದಲ್ಲಿ ಮೇಲೆ ಕೆಳಗೆ ಹೋಗುವ ಬಾಸ್ ಗಿಟಾರ್ ಇರುವ ಹಾಡೊಂದನ್ನು ಹಾಕಿ. ಇಲ್ಲವೇ ಟೋನ್ ಜನರೇಟರ್ ಆಪ್‌ನಲ್ಲಿ 40 ಹರ್ಟ್ಸ್ (ಸೆಕೆಂಡಿಗೆ 40 ಕಂಪನ) ಟೋನ್ ಬಿಡಿ. ವಾಲ್ಯೂಮ್ ಕಡಿಮೆ ಇರಲಿ. ಶುದ್ಧ ಟೋನ್ ಅನ್ನು ಜೋರಾಗಿ ತುಂಬಾ ಹೊತ್ತು ಬಿಟ್ಟರೆ ಡ್ರೈವರ್‌ನ ಕಾಯಿಲ್ ಬಿಸಿಯಾಗಿ ಸುಟ್ಟು ಹೋಗಬಹುದು. ಹತ್ತು ಹದಿನೈದು ಸೆಕೆಂಡ್ ಸಾಕು. ಈಗ ಕೋಣೆಯಲ್ಲಿ ನಿಧಾನವಾಗಿ ನಡೆಯಿರಿ. ಗೋಡೆ ಹತ್ತಿರ ಹೋಗಿ, ಮೂಲೆಗೆ ಹೋಗಿ, ನಡುವೆ ನಿಲ್ಲಿ, ಸೋಫಾದಲ್ಲಿ ಕೂತು ತಲೆ ಮುಂದೆ ಹಿಂದೆ ಮಾಡಿ.

ನೀವು ಜಾಗ ಬದಲಿಸಿದ ಹಾಗೆ ಬಾಸ್ ಏರಿಳಿದರೆ ಅದು ಕೋಣೆಯ ದೋಷ. ಎಲ್ಲಿ ನಿಂತರೂ ಒಂದೇ ಥರ ಹಮ್ ಅನ್ನುವ ಸದ್ದು, ಪರಪರ ಸದ್ದು ಅಥವಾ ಏನೂ ಇಲ್ಲದಿರುವುದು ವೈರು, ಕರೆಂಟು, ಸೆಟ್ಟಿಂಗ್, ಪೆಟ್ಟಿಗೆ ಅಥವಾ ಸುತ್ತಲಿನ ಸಾಮಾನಿನ ದೋಷ. ನಾನು ಕಂಡಂತೆ ಗೆಳೆಯರ ಮನೆಗಳಲ್ಲಿ ಹೆಚ್ಚಿನವು ಮೊದಲ ಜಾತಿಯವೇ. ಅದಕ್ಕೇ ಅದರ ಬಗ್ಗೆ ಜಾಸ್ತಿ ಬರೆಯುತ್ತೇನೆ.

ಕೋಣೆ ಏನು ಮಾಡುತ್ತದೆ

ಉದ್ದನೆಯ ಟಬ್‌ನಲ್ಲಿ ಅರ್ಧ ನೀರು ತುಂಬಿ ಒಂದು ತುದಿಯಿಂದ ಮೆಲ್ಲಗೆ ತೂಗಿ ನೋಡಿ. ಎರಡೂ ತುದಿಗಳಲ್ಲಿ ನೀರು ಏರಿಳಿಯುತ್ತದೆ. ನಡುವಿನ ಗೆರೆಯಲ್ಲಿ ಮಟ್ಟ ಹಾಗೇ ನಿಂತಿರುತ್ತದೆ. ಬಾಸ್ ಕೋಣೆಯೊಳಗೆ ಮಾಡುವುದು ಇದನ್ನೇ. ಗೋಡೆಗಳ ಹತ್ತಿರ ಒತ್ತಡ ಜಾಸ್ತಿ, ನಡುವೆ ಹೆಚ್ಚು ಕಮ್ಮಿ ಸೊನ್ನೆ. ಯಾವ ಸ್ವರಕ್ಕೆ ಹೀಗಾಗುತ್ತದೆ ಅನ್ನುವುದನ್ನು ಕೋಣೆಯ ಅಳತೆ ತೀರ್ಮಾನ ಮಾಡುತ್ತದೆ.

ಲೆಕ್ಕ ಸುಲಭ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಹೋಗುತ್ತದೆ. ಅದರ ಅರ್ಧ 565. ಅದನ್ನು ಕೋಣೆಯ ಅಳತೆಯಿಂದ ಭಾಗಿಸಿ. ನಮ್ಮ 14 ಅಡಿ ಉದ್ದಕ್ಕೆ 40 ಹರ್ಟ್ಸ್ ಬಂತು. 12 ಅಡಿ ಅಗಲಕ್ಕೆ 47. 10 ಅಡಿ ಎತ್ತರಕ್ಕೆ 56. ಇವುಗಳ ಎರಡರಷ್ಟು, ಮೂರರಷ್ಟು ಇರುವ ಸ್ವರಗಳಿಗೂ ಇದೇ ಕಥೆ, ಏರಿಳಿತದ ಜಾಗ ಮಾತ್ರ ಬೇರೆ.

ಬಾಸ್ ಗಿಟಾರಿನ ತೀರಾ ಕೆಳಗಿನ ತಂತಿ 41 ಹರ್ಟ್ಸ್. ನನ್ನ ಸೋಫಾ ಟಿವಿ ಗೋಡೆಯಿಂದ ಸರಿಯಾಗಿ 7 ಅಡಿಗೆ, ಅಂದರೆ ಉದ್ದದ ನಟ್ಟನಡುವೆ ಇತ್ತು. ಆ ತಂತಿ ಮೀಟಿದಾಗಲೆಲ್ಲ ನಾನು ಟಬ್‌ನ ನಡುವಿನ ಗೆರೆಯಲ್ಲಿ ಕೂತಿದ್ದೆ. ಆದರೆ ಎರಡರಷ್ಟಿನ 80 ಹರ್ಟ್ಸ್‌ಗೆ ಅದೇ ನಡುಜಾಗ ಏರಿನ ಜಾಗ. ಹಾಗಾಗಿ ಆಳ ಇಲ್ಲ, ಬರೀ ಡಬ್ ಡಬ್ ಅನ್ನುವ ಮೇಲುಸದ್ದು. ಅಡುಗೆಮನೆ ಬಾಗಿಲು ಇದ್ದದ್ದು ಹಿಂದಿನ ಮೂಲೆಯಲ್ಲಿ. ಮೂಲೆಯಲ್ಲಿ ಉದ್ದ, ಅಗಲ ಎರಡರ ಏರೂ ಒಟ್ಟಿಗೆ ಸೇರುತ್ತದೆ. ಲೋಟ ಯಾಕೆ ಕಿಣಿಕಿಣಿ ಅಂದವು ಅಂತ ಆಗ ಗೊತ್ತಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾವು ನೋಡುವ ವಿಡಿಯೋಗಳು, ಓದುವ ಸಲಹೆಗಳು ಬಹಳಷ್ಟು ಅಮೆರಿಕದ ಮನೆಗಳನ್ನು ನೋಡಿಕೊಂಡು ಮಾಡಿದವು. ಅಲ್ಲಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಗೋಡೆ. ಬಾಸ್ ಬಡಿದಾಗ ಆ ಗೋಡೆ ಸ್ವಲ್ಪ ಮಣಿಯುತ್ತದೆ, ಒಂದಷ್ಟು ಬಾಸ್ ನುಂಗುತ್ತದೆ, ಒಂದಷ್ಟನ್ನು ಹೊರಗೆ ಬಿಡುತ್ತದೆ. ನಮ್ಮ ಇಟ್ಟಿಗೆ, ಕಾಂಕ್ರೀಟ್ ಗೋಡೆ ಮಣಿಯುವುದಿಲ್ಲ. ಬಾಸ್ ಒಳಗೇ ಓಡಾಡುತ್ತದೆ. ಏರು ಇನ್ನೂ ಚೂಪು, ಇಳಿವು ಇನ್ನೂ ಆಳ. ಹಾಗಾಗಿ 'ಮೂಲೆಯಲ್ಲಿಟ್ಟರೆ ಬಾಸ್ ಚೆನ್ನಾಗಿ ಬರುತ್ತದೆ' ಅನ್ನುವ ಸಲಹೆಯನ್ನು ನಮ್ಮ ಮನೆಗಳಲ್ಲಿ ಹಾಗೇ ನಂಬಬೇಡಿ. ಮೂಲೆ ಎಲ್ಲ ಸ್ವರಗಳ ಏರನ್ನೂ ಒಟ್ಟಿಗೆ ಕೆರಳಿಸುತ್ತದೆ.

ಸೋಫಾ ಮೊದಲು, ಸಬ್ ಆಮೇಲೆ

ನೀವು ಕೂತ ಜಾಗದಲ್ಲೇ ಒಂದು ಸ್ವರ ಸೊನ್ನೆಯಾಗುತ್ತಿದ್ದರೆ, ಸಬ್ ಅನ್ನು ಎಲ್ಲಿಗೆ ಜರುಗಿಸಿದರೂ ಆ ಸ್ವರ ಸರಿಯಾಗಿ ಬರುವುದಿಲ್ಲ. ತಲೆಯೇ ಜರುಗಬೇಕು. ನಟ್ಟನಡುವೆ ಬೇಡ. ಹಿಂದಿನ ಗೋಡೆಗೆ ಒತ್ತಿಕೊಂಡೂ ಬೇಡ, ಅಲ್ಲಿ ಬಾಸ್ ಉಬ್ಬುತ್ತದೆ. ಕೋಣೆಯ ಉದ್ದದ ಸುಮಾರು 38 ಶೇಕಡಾದಷ್ಟು ದೂರವನ್ನು ಮುಂದಿನ ಅಥವಾ ಹಿಂದಿನ ಗೋಡೆಯಿಂದ ಅಳೆದು ಅಲ್ಲಿಂದ ಶುರು ಮಾಡುವುದು ರೂಢಿ. ಇದು ಶುರು ಮಾಡುವ ಜಾಗ ಅಷ್ಟೇ, ಕಟ್ಟುಪಾಡಲ್ಲ.

ನಾನು ಸೋಫಾವನ್ನು 2 ಅಡಿ ಹಿಂದಕ್ಕೆ ಎಳೆದೆ. ಟಿವಿ ಗೋಡೆಯಿಂದ 9 ಅಡಿ ಆಯಿತು. ಒಂದು ಪೈಸೆ ಖರ್ಚಿಲ್ಲದೆ ಕೆಳಗಿನ ತಂತಿಯ ಸ್ವರ ವಾಪಸ್ ಬಂತು. ಆ ಕ್ಷಣದ ಖುಷಿ ನನಗೆ ಇನ್ನೂ ನೆನಪಿದೆ.

ಚಿಕ್ಕ ಹಾಲ್ ಆದರೆ ಎರಡು ಅಡಿ ಸಿಗುವುದಿಲ್ಲ ಅಲ್ವಾ? ಅರ್ಧ ಅಡಿಯೂ ಕೆಲಸಕ್ಕೆ ಬರುತ್ತದೆ. ಗೋಡೆಗೆ ಒತ್ತಿದ ಸೋಫಾ ಆದರೆ ಅಷ್ಟಾದರೂ ಮುಂದಕ್ಕೆ ತನ್ನಿ.

ತೆವಳಿ ಹುಡುಕುವುದು

ಇದು ಹಳೆಯ ಉಪಾಯ, ಆದರೂ ಇದಕ್ಕಿಂತ ಒಳ್ಳೆಯದು ಇನ್ನೂ ಕಂಡಿಲ್ಲ. ಸಬ್ ಅನ್ನು ಎತ್ತಿ ಸೋಫಾದ ಮೇಲೆ, ನೀವು ಕೂರುವ ಜಾಗದಲ್ಲೇ ಇಡಿ. ಬಾಸ್ ಗಿಟಾರಿನ ಹಾಡು ಮತ್ತೆ ಮತ್ತೆ ಬರುವ ಹಾಗೆ ಹಾಕಿ. ಈಗ ಸಬ್ ಇಡಲು ಸಾಧ್ಯವಿರುವ ಜಾಗಗಳ ಉದ್ದಕ್ಕೂ, ಗೋಡೆ ಬದಿಯಲ್ಲಿ, ಕಿವಿಯನ್ನು ನೆಲದ ಹತ್ತಿರ ಇಟ್ಟುಕೊಂಡು ತೆವಳಿ. ಎಲ್ಲಿ ಸ್ವರಗಳೆಲ್ಲ ಸಮನಾಗಿ ಕೇಳುತ್ತವೋ ಅಲ್ಲಿ ಟೇಪು ಅಂಟಿಸಿ. ಸಬ್ ಮತ್ತು ಕಿವಿಯ ಜಾಗ ಅದಲು ಬದಲು ಮಾಡಿದರೂ ಇವೆರಡರ ನಡುವಿನ ಬಾಸ್ ಅದೇ ಇರುತ್ತದೆ, ಅದಕ್ಕೇ ಇದು ಕೆಲಸ ಮಾಡುತ್ತದೆ.

ಜೋರಾಗಿ ಕೇಳುವ ಜಾಗ ಹುಡುಕಬೇಡಿ, ಸಮನಾಗಿ ಕೇಳುವ ಜಾಗ ಹುಡುಕಿ. ಜೋರು ಕಡಿಮೆಯಾದರೆ ಗೇನ್ ಇದೆ. ಸಮ ಇಲ್ಲದಿದ್ದರೆ ಅದನ್ನು ಸರಿ ಮಾಡುವ ಬಟನ್ ಪೆಟ್ಟಿಗೆಯಲ್ಲಿ ಇಲ್ಲ. ಗಿಟಾರಿನ ಜೊತೆಗೆ ನಾನು ಡೊಳ್ಳು ಕುಣಿತದ ಒಂದು ರೆಕಾರ್ಡಿಂಗನ್ನೂ ಹಾಕುತ್ತೇನೆ. ಒಳ್ಳೆಯ ಜಾಗದಲ್ಲಿ ಪ್ರತಿ ಪೆಟ್ಟೂ ಬಿದ್ದು ನಿಲ್ಲುತ್ತದೆ. ಕೆಟ್ಟ ಜಾಗದಲ್ಲಿ ಒಂದು ಪೆಟ್ಟಿನ ಬಾಲ ಮುಂದಿನ ಪೆಟ್ಟಿಗೆ ಅಂಟಿಕೊಳ್ಳುತ್ತದೆ. ಮೃದಂಗದ ಎಡಗಡೆಯ ಗುಮ್ಕಿಯೂ ಹಾಗೇ. ಜಾರಿ ಇಳಿಯುವ ಆ ನಾದದಲ್ಲಿ ನಡುವೆ ಒಂದು ಕಡೆ ಉಬ್ಬಿದರೆ ಕಿವಿ ತಕ್ಷಣ ಹಿಡಿಯುತ್ತದೆ.

ನಮ್ಮಲ್ಲಿ ಸಮನಾದ ಜಾಗ ಸಿಕ್ಕಿದ್ದು ಎಡಗೋಡೆ ಬದಿಯಲ್ಲಿ, ಟಿವಿ ಗೋಡೆಯಿಂದ ನಾಲ್ಕು ಅಡಿಗೆ ಸ್ವಲ್ಪ ಮೊದಲು. ಆಮೇಲೆ ಲೆಕ್ಕ ಹಾಕಿದಾಗ ಕಾರಣ ಹೊಳೆಯಿತು. ಉದ್ದದ ಕಾಲು ಭಾಗ, ಅಂದರೆ 3 ಅಡಿ 6 ಇಂಚು, ಆ 80 ಹರ್ಟ್ಸ್ ಅಲೆಗೆ ಸೊನ್ನೆಯ ಜಾಗ. ಅಲ್ಲಿ ಕೂತ ಸಬ್ ಆ ಉಬ್ಬನ್ನು ಕೆರಳಿಸಲಾರದು. ಡಬ್ ಡಬ್ ಹೋಗಿದ್ದು ಅದಕ್ಕೆ. ಒಂದು ಕೊರತೆ ಉಳಿಯಿತು: ಅಗಲದ ನಡುವೆ ಕೂರುವವರಿಗೆ 47 ಹರ್ಟ್ಸ್ ಆಸುಪಾಸಿನ ಸ್ವರ ಸ್ವಲ್ಪ ಸಣ್ಣಗಾಗುತ್ತದೆ. ಸೋಫಾವನ್ನು ಒಂದು ಅಡಿ ಬಲಕ್ಕೆ ಸರಿಸಿ ಅದನ್ನೂ ಒಂದಷ್ಟು ತಗ್ಗಿಸಿಕೊಂಡೆ.

ಗೋಡೆಯಿಂದ ದೂರದ ಬಗ್ಗೆ ಒಂದೇ ಎಚ್ಚರ. ಸಬ್ ಅನ್ನು ಗೋಡೆಗೆ ಹತ್ತಿರವೇ ಇಡಿ, ಆದರೆ ಅಂಟಿಸಬೇಡಿ. ಹಿಂದೆ ರಂಧ್ರ ಇರುವ ಪೋರ್ಟೆಡ್ ಸಬ್ ಆದರೆ ಕನಿಷ್ಠ ಒಂದು ಗೇಣು ಜಾಗ ಬಿಡಿ. ಗೋಡೆಯಿಂದ ಒಂದು ಮೀಟರ್ ಮುಂದೆ ತಂದರೆ ಗೋಡೆಗೆ ಬಡಿದು ವಾಪಸ್ ಬರುವ ಅಲೆ 86 ಹರ್ಟ್ಸ್ ಹತ್ತಿರ ನೇರ ಅಲೆಯನ್ನು ಕೊಲ್ಲುತ್ತದೆ. ಅದು ಬಾಸ್‌ನ ಒಳಗೇ ಬರುವ ಜಾಗ. ಎರಡು ಅಡಿಯ ಒಳಗಿದ್ದರೆ ಈ ತೊಂದರೆ ಸಬ್ ಕೆಲಸ ಮಾಡುವ ಮಿತಿಯಿಂದ ಮೇಲೆ ಹೋಗುತ್ತದೆ.

ಭಾರದ ಸಬ್ ಅನ್ನು ಒಬ್ಬರೇ ಎತ್ತಬೇಡಿ. ಟೈಲ್ಸ್ ಮೇಲೆ ಜರುಗಿಸುವಾಗ ಕೆಳಗೆ ಹಳೆ ಬೆಡ್‌ಶೀಟ್ ಹಾಕಿದರೆ ಸಲೀಸು.

ಈಗ ಸೆಟ್ಟಿಂಗ್

ಅತಿ ಹೆಚ್ಚು ಕಾಣುವ ತಪ್ಪು ಎರಡು ಸಲ ಸೋಸುವುದು. ರಿಸೀವರ್‌ನಲ್ಲಿ (ಸ್ಪೀಕರ್‌ಗಳನ್ನೂ ಸಬ್ ಅನ್ನೂ ನಡೆಸುವ ಪೆಟ್ಟಿಗೆ) ಕ್ರಾಸ್‌ಓವರ್, ಅಂದರೆ ಯಾವ ಸ್ವರದಿಂದ ಕೆಳಗಿನದು ಸಬ್‌ಗೆ ಹೋಗಬೇಕು ಅನ್ನುವ ಗೆರೆ, 80 ಹರ್ಟ್ಸ್ ಇಟ್ಟು, ಸಬ್‌ನ ಹಿಂದಿನ ಗುಬುಟನ್ನೂ 80ಕ್ಕೆ ಇಟ್ಟಿರುತ್ತಾರೆ. ಸಬ್ ಮತ್ತು ಸ್ಪೀಕರ್ ಸೇರುವ ಜಾಗದಲ್ಲಿ ಹಳ್ಳ ಬೀಳುತ್ತದೆ. ರಿಸೀವರ್ ಇದ್ದರೆ ಸಬ್‌ನ ಗುಬುಟನ್ನು ಗರಿಷ್ಠಕ್ಕೆ ತಿರುಗಿಸಿ, ಅಥವಾ ಸಬ್ ತಾನೇ ಸೋಸುವುದನ್ನು ತಪ್ಪಿಸುವ, ಎಲ್‌ಎಫ್‌ಇ ಅಂತ ಬರೆದ ಸ್ವಿಚ್ ಇದ್ದರೆ ಅದನ್ನು ಹಾಕಿ. ಸೋಸುವ ಕೆಲಸ ರಿಸೀವರ್‌ಗೆ ಬಿಡಿ. ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್‌ಗಳನ್ನು ರಿಸೀವರ್‌ನಲ್ಲಿ 'ಸ್ಮಾಲ್' ಅಂತಲೇ ಇಡಿ. 'ಲಾರ್ಜ್' ಅಂತ ಇಟ್ಟರೆ ಆ ಸ್ಪೀಕರ್‌ಗಳ ಬಾಸ್ ಸಬ್‌ಗೆ ಹೋಗದೇ ಇರಬಹುದು.

ಗೇನ್ ಅರ್ಧದಿಂದ ಶುರು ಮಾಡಿ. ರಿಸೀವರ್‌ನ ಮೈಕ್ ಇಟ್ಟು ತಾನಾಗಿ ಅಳತೆ ಮಾಡಿಸಿದ ಮೇಲೆ ಸಬ್‌ನ ಲೆವೆಲ್ ಎಷ್ಟು ಬಂತು ನೋಡಿ. ಹಲವು ರಿಸೀವರ್‌ಗಳಲ್ಲಿ ಕೆಳಮಿತಿ ಮೈನಸ್ 12 ಡೆಸಿಬೆಲ್. ಅಲ್ಲಿಗೇ ಹೋಗಿ ನಿಂತಿದ್ದರೆ ಸಬ್‌ನ ಗೇನ್ ಜಾಸ್ತಿಯಾಗಿದೆ ಅಂತ ಅರ್ಥ. ಇಳಿಸಿ ಮತ್ತೆ ಅಳೆಯಿಸಿ. ಸಬ್ 9 ಅಡಿ ದೂರ ಇದ್ದರೂ ರಿಸೀವರ್ 15 ಅಡಿ ಅಂತ ತೋರಿಸಿದರೆ ಗಾಬರಿಯಾಗಬೇಡಿ. ಸಬ್‌ನೊಳಗಿನ ಎಲೆಕ್ಟ್ರಾನಿಕ್ಸ್ ಮಾಡುವ ತಡವನ್ನೂ ಅದು ದೂರವಾಗಿ ಲೆಕ್ಕ ಹಾಕಿರುತ್ತದೆ. ಅದನ್ನು 'ಸರಿ' ಮಾಡಲು ಹೋಗಬೇಡಿ.

ಸಬ್‌ನ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಸ್ವಿಚ್‌ಗೆ ಒಂದು ನಿಮಿಷದ ಪರೀಕ್ಷೆ ಇದೆ. ಸಬ್ ಮತ್ತು ಸ್ಪೀಕರ್ ಎರಡೂ ನುಡಿಯುವ ಹಾಗೆ 80 ಹರ್ಟ್ಸ್ ಟೋನ್ ಬಿಡಿ. ನೀವು ಸೋಫಾದಲ್ಲಿ ಕೂತಿರಿ, ಮನೆಯವರು ಯಾರಾದರೂ ಸ್ವಿಚ್ 0ಯಿಂದ 180ಕ್ಕೆ ಬದಲಿಸಲಿ. ಯಾವುದರಲ್ಲಿ ಜೋರಾಗಿ ಕೇಳುತ್ತದೋ ಅದು ಸರಿ.

ಹಗಲು ಚೆನ್ನಾಗಿದ್ದ ಬಾಸ್ ರಾತ್ರಿ ಮೆಲ್ಲಗೆ ಹಾಕಿದಾಗ ಇಲ್ಲವಾದರೆ ಎರಡು ಕಾರಣ ಇರಬಹುದು. ಒಂದು ನಮ್ಮ ಕಿವಿ. ಸದ್ದು ಕಡಿಮೆಯಾದಂತೆ ಕಿವಿ ಬಾಸ್ ಅನ್ನು ಇನ್ನೂ ಬೇಗ ಕಳೆದುಕೊಳ್ಳುತ್ತದೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಅನ್ನುವ ಸಂಶೋಧಕರು ಇದನ್ನು ಅಳೆದು ತೋರಿಸಿದ್ದಾರೆ. ರಿಸೀವರ್‌ನಲ್ಲಿ ಲೌಡ್‌ನೆಸ್ ಅಥವಾ ಡೈನಾಮಿಕ್ ಇಕ್ಯೂ (ಸದ್ದು ಕಡಿಮೆ ಇದ್ದಾಗ ಬಾಸ್ ಏರಿಸುವ ಸೌಲಭ್ಯ) ಇದ್ದರೆ ರಾತ್ರಿಗೆ ಹಾಕಿಕೊಳ್ಳಿ. ಇನ್ನೊಂದು ಆಟೋ ಸ್ಟ್ಯಾಂಡ್‌ಬೈ. ಸಿಗ್ನಲ್ ಸಣ್ಣಗಾದರೆ ಸಬ್ ಮಲಗಿಬಿಡುತ್ತದೆ, ಒಂದು ದೊಡ್ಡ ಸದ್ದು ಬಂದಾಗ ಟಪ್ ಅಂತ ಏಳುತ್ತದೆ. ಸಬ್‌ನ ಗೇನ್ ಸ್ವಲ್ಪ ಇಳಿಸಿ ರಿಸೀವರ್‌ನ ಲೆವೆಲ್ ಅಷ್ಟೇ ಏರಿಸಿದರೆ ಸಬ್‌ಗೆ ಹೋಗುವ ಸಿಗ್ನಲ್ ದೊಡ್ಡದಾಗುತ್ತದೆ. ಆಗಲೂ ಮಲಗಿದರೆ ಸ್ವಿಚ್ ಅನ್ನು 'ಆನ್'ಗೆ ಹಾಕಿ, ಕೇಳಿ ಮುಗಿದ ಮೇಲೆ ಗೋಡೆಯಲ್ಲೇ ಆರಿಸಿ.

ಹಮ್ ಅನ್ನುವ ಸದ್ದು

ಹಾಡು ನಿಲ್ಲಿಸಿದರೂ ಒಂದೇ ಸಮ ಹಮ್ ಅನ್ನುತ್ತಿದ್ದರೆ ಅದು ಸಾಮಾನ್ಯವಾಗಿ ನಮ್ಮ ಕರೆಂಟಿನ 50 ಹರ್ಟ್ಸ್ ಅಥವಾ ಅದರ ಎರಡರಷ್ಟು. ಸಬ್ ಆರಿಸಿ, ಹಿಂದಿನ ಸಿಗ್ನಲ್ ವೈರು ಕಿತ್ತು, ಮತ್ತೆ ಆನ್ ಮಾಡಿ. ಹಮ್ ಹಾಗೇ ಇದ್ದರೆ ಸಬ್‌ನ ಒಳಗಿನ ಅಥವಾ ಆ ಸಾಕೆಟ್‌ನ ತೊಂದರೆ. ಬೇರೆ ಕೋಣೆಯ ಸಾಕೆಟ್‌ನಲ್ಲೂ ಹಾಗೇ ಇದ್ದರೆ ಈಗ ಸರ್ವಿಸ್‌ನವರಿಗೆ ಫೋನ್ ಮಾಡಿ. ಹಮ್ ನಿಂತರೆ ವೈರಿನ ದಾರಿಯಲ್ಲಿ ಬರುತ್ತಿದೆ. ವೈರು ಮತ್ತೆ ಸಿಕ್ಕಿಸಿ, ಸೆಟ್‌ಟಾಪ್ ಬಾಕ್ಸ್‌ಗೆ ಹೊರಗಿಂದ ಬರುವ ಕೇಬಲ್ ಅನ್ನು ತಿರುಪಿ ಬಿಚ್ಚಿ ನೋಡಿ. ನಮ್ಮಲ್ಲಿ ಅಲ್ಲೇ ಸಿಕ್ಕಿತ್ತು. ಆ ಕೇಬಲ್‌ನ ಹೊರಜಾಲರಿ ಒಂದು ಕಡೆ, ಸಬ್‌ನ ಅರ್ಥ್ ಇನ್ನೊಂದು ಕಡೆ ನೆಲ ಸೇರಿ ನಡುವೆ ಸುತ್ತು ಕಟ್ಟಿಕೊಂಡಿತ್ತು. ಆ ಸುತ್ತು ಕಡಿಯುವ ಐಸೊಲೇಟರ್ ಒಂದನ್ನು ಕೇಬಲ್‌ಗೆ ಹಾಕಿ, ಟಿವಿ, ರಿಸೀವರ್, ಸಬ್ ಮೂರನ್ನೂ ಒಂದೇ ಒಳ್ಳೆಯ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಸೇರಿಸಿದ ಮೇಲೆ ಹಮ್ ಹೋಯಿತು.

ಹಮ್ ಹೋಗಲಿ ಅಂತ ಪ್ಲಗ್‌ನ ದಪ್ಪ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಮ್ ನಿಲ್ಲಬಹುದು, ಆದರೆ ಒಳಗೆ ಏನಾದರೂ ಸೋರಿದ ದಿನ ಪೆಟ್ಟಿಗೆ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಮನೆಯಲ್ಲಿ ಮಕ್ಕಳಿರುತ್ತಾರೆ. ಹಳೆ ಮನೆಗಳಲ್ಲಿ ಸಾಕೆಟ್‌ಗೆ ಮೂರು ತೂತು ಇದ್ದರೂ ಅರ್ಥ್ ವೈರೇ ಬಂದಿರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆದು ತೋರಿಸಿ.

ಕರೆಂಟ್ ಹೋದಾಗ ಮಾತ್ರ ಜರ್ ಅನ್ನುತ್ತಿದ್ದರೆ ನಿಮ್ಮ ಇನ್ವರ್ಟರ್ ನಯವಾದ ಅಲೆಯ ಬದಲು ಚೌಕಾಕಾರದ ಅಲೆ ಕೊಡುವ ಸ್ಕ್ವೇರ್ ವೇವ್‌ನದ್ದಿರಬಹುದು. ಸಬ್ ಅನ್ನು ಆ ಲೈನಿನಿಂದ ತೆಗೆಯಿರಿ.

ಪರಪರ, ಗಡಗಡ

ಇದು ಸಾಮಾನ್ಯವಾಗಿ ಸಬ್‌ನದ್ದಲ್ಲ, ಸುತ್ತಲಿನ ಸಾಮಾನಿನದ್ದು. 20ರಿಂದ 120 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಟೋನ್ ಬಿಟ್ಟು, ಸದ್ದು ಬಂದಾಗ ನಿಲ್ಲಿಸಿ, ಕೈ ಇಟ್ಟು ಹುಡುಕಿ. ಶೋಕೇಸ್ ಗಾಜು, ಗೋದ್ರೆಜ್ ಬೀರುವಿನ ಬಾಗಿಲು, ದೇವರ ಫೋಟೋ, ಕಿಟಕಿಯ ಸರಳು. ಫೋಟೋ ಹಿಂದೆ ಒಂದು ಚೂರು ರಬ್ಬರ್ ಸಾಕು. ಮಹಡಿ ಮನೆಯಾದರೆ ಸಬ್ ಕೆಳಗೆ ವಾಷಿಂಗ್ ಮೆಷಿನ್‌ಗೆ ಹಾಕುವ ದಪ್ಪ ರಬ್ಬರ್ ಮ್ಯಾಟ್ ಹಾಕಿ. ನೆಲದ ಮೂಲಕ ಇಳಿಯುವ ನಡುಕ ಕಡಿಮೆಯಾಗುತ್ತದೆ. ಗಾಳಿಯಲ್ಲಿ ಹೋಗುವ ಬಾಸ್ ಹೋಗಿಯೇ ಹೋಗುತ್ತದೆ, ಅದಕ್ಕೆ ಹತ್ತು ಗಂಟೆ ಮೇಲೆ ಗೇನ್ ಇಳಿಸುವುದೇ ದಾರಿ.

ಇಷ್ಟಾದರೂ ಉಳಿದರೆ

ಒಂದು ಸ್ವರ ಇನ್ನೂ ಉಬ್ಬಿದ್ದರೆ ಬೇರೆ ಬೇರೆ ಸ್ವರಗಳನ್ನು ಬೇರೆಯಾಗಿ ಏರಿಸಿ ಇಳಿಸುವ ಇಕ್ವಲೈಜರ್‌ನಲ್ಲಿ ಅದನ್ನು ತಗ್ಗಿಸಬಹುದು. ಆದರೆ ಹಳ್ಳವನ್ನು ಏರಿಸಿ ತುಂಬಲು ಹೋಗಬೇಡಿ. ಸೊನ್ನೆಯ ಜಾಗಕ್ಕೆ ಎಷ್ಟು ಸುರಿದರೂ ಸೊನ್ನೆಯೇ, ಆಂಪ್ಲಿಫೈಯರ್ ಮಾತ್ರ ಸುಮ್ನೆ ದಣಿಯುತ್ತದೆ. ಸರಿಯಾಗಿ ಅಳೆಯಬೇಕೆಂದರೆ ರೂಮ್ ಇಕ್ಯೂ ವಿಝರ್ಡ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅದರ ಜೊತೆಗೆ ಯುಎಸ್‌ಬಿ ಅಳತೆ ಮೈಕ್ ಬೇಕು. ಫೋನಿನ ಮೈಕ್ ಅನ್ನು ಈ ಜಾಗ ಆ ಜಾಗ ಹೋಲಿಸಲು ಮಾತ್ರ ಬಳಸಿ, ಅಂಕಿ ನಂಬಬೇಡಿ.

ಗೋಡೆಗೆ ತೆಳು ಫೋಮ್, ಮೊಟ್ಟೆ ಟ್ರೇ ಅಂಟಿಸುವುದರಿಂದ ಬಾಸ್‌ಗೆ ಏನೂ ಆಗುವುದಿಲ್ಲ. 40 ಹರ್ಟ್ಸ್ ಅಲೆಯ ಉದ್ದ 28 ಅಡಿ. ಎರಡು ಇಂಚಿನ ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಸೋಫಾದ ಎಲ್ಲರಿಗೂ ಒಂದೇ ಥರ ಬಾಸ್ ಬೇಕಾದರೆ ಒಂದು ದೊಡ್ಡ ಸಬ್‌ಗಿಂತ ಎರಡು ಚಿಕ್ಕವು ಮೇಲು. ಆಡಿಯೋ ಸಾಧನ ಮಾಡುವ ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಆಯತದ ಕೋಣೆಗಳಿಗೆ ಇದನ್ನು ಲೆಕ್ಕ ಹಾಕಿ ತೋರಿಸಿದರು. ಎದುರು ಬದುರು ಗೋಡೆಗಳ ನಡುಭಾಗದಲ್ಲಿ ಒಂದೊಂದು ಇಟ್ಟರೆ ಏರಿಳಿತ ಬಹಳ ತಗ್ಗುತ್ತದೆ, ನಾಲ್ಕಕ್ಕಿಂತ ಹೆಚ್ಚು ಇಟ್ಟು ದೊಡ್ಡ ಲಾಭ ಇಲ್ಲ. ನಾನಿನ್ನೂ ಒಂದರಲ್ಲೇ ಇದ್ದೇನೆ.

ಎಲ್ಲ ಸರಿಯಾದ ದಿನವೇ ಸಬ್‌ನ ನಾಲ್ಕು ಮೂಲೆಗೂ ನೆಲಕ್ಕೆ ಟೇಪು ಅಂಟಿಸಿ. ಗುಬುಟುಗಳ ಜಾಗವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಬೆನ್ನಿಗೆ ಹಚ್ಚಿ. ಯುಗಾದಿಗೋ ಆಯುಧಪೂಜೆಗೋ ಮನೆ ಒರೆಸುವಾಗ ಅದು ಜರುಗಿಯೇ ಜರುಗುತ್ತದೆ. ನಮ್ಮ ಸಬ್‌ನ ಚೀಟಿಯಲ್ಲಿ ಹೀಗಿದೆ: ಎಡಗೋಡೆಯಿಂದ 9 ಇಂಚು, ಟಿವಿ ಗೋಡೆಯಿಂದ 3 ಅಡಿ 9 ಇಂಚು, ಗೇನ್ ಅರ್ಧಕ್ಕೆ ಒಂದು ಗೆರೆ ಕಮ್ಮಿ, ಫೇಸ್ 180.